ಓರೆಯೋ, ನೇರವೋ

ಚಾಮರಾಜಪೇಟೆಯ ಆ ಹಳೆಯ ಮನೆಯೊಳಕ್ಕೆ ಸಿದ್ದಬಸಪ್ಪನವರ ಕಣ್ಣು ತಪ್ಪಿಸಿ ಒಂದು ಸೂಜಿಯೂ ಬಂದದ್ದಿಲ್ಲ. ಬಿನ್ನಿಪೇಟೆ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಮನುಷ್ಯ. ಕಾರ್ಖಾನೆ ಬಿಟ್ಟರೇ ಹೊರತು ತಪಾಸಣೆ ಬಿಡಲಿಲ್ಲ. ಮನೆಯಲ್ಲಿ ಯಾರು ಏನು ಕೊಂಡರೂ ಅದು ಮೊದಲು ಅವರ ಕೈಗೆ ಹೋಗಬೇಕು. ಅವರು ಅದನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿ ನೋಡಿ ಸರಿ ಅಂದರೆ ಅದು ಮನೆಯದು, ಇಲ್ಲವಾದರೆ ಅಂಗಡಿಗೆ ವಾಪಸು.

ಅವರ ತಮ್ಮನ ಹೆಂಡತಿ ಕೋಕಿಲಾ ಮದುವೆಯಾದ ಹೊಸತರಲ್ಲಿ ಆಸೆಪಟ್ಟು ಕೊಂಡ ಕುಕ್ಕರು ಹಾಗೆ ವಾಪಸು ಹೋಗಿತ್ತು. ಮುಚ್ಚಳ ಕೂದಲೆಳೆಯಷ್ಟು ಆಡುತ್ತದಂತೆ. ಆಮೇಲೆ ಅವಳು ಕೆಂಪು ಸ್ಕೂಟರು ಬೇಕೆಂದರೆ ಬೂದಿ ಬಣ್ಣದ್ದು ಬಂತು, ಕೊಳೆ ಕಾಣುವುದಿಲ್ಲವಂತೆ. ಕಡೆಗೆ ಅವಳ ಮೂಗಿನ ಮೇಲೆ ಕೂತಿರುವ ಕನ್ನಡಕದ ಫ್ರೇಮನ್ನೂ ಭಾವನವರೇ ಬಗ್ಗಿಸಿ ನೋಡಿ ಪಾಸು ಮಾಡಿದ್ದು. ಮೂಗು ತನ್ನದಾದರೂ ಕನ್ನಡಕ ಅವರದು ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು.

ಹಾಗಂತ ಭಾವನವರು ಕೆಟ್ಟವರಲ್ಲ. ಇದ್ದ ತಾಪತ್ರಯವೇ ಅದು. ಕೆಟ್ಟವರಾಗಿದ್ದರೆ ಒಂದು ದಿನ ಸೆರಗು ಬಿಗಿದು ಜಗಳವಾಡಿ ಮುಗಿಸಬಹುದಿತ್ತು. ಅವಳಿಗೆ ಡೆಂಗೆ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕೂತವರು ಅವರು, ಗಂಡನಲ್ಲ. ಇಂಥವರ ಮೇಲೆ ಸಿಟ್ಟು ಬಂದರೆ ಆ ಸಿಟ್ಟಿಗೆ ಹೋಗಲು ಜಾಗವೇ ಇರುವುದಿಲ್ಲ. ಅದು ಒಳಗೇ ಕೂತು ಕುದಿಯುತ್ತದೆ.

ಕೋಕಿಲಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಐವತ್ತು ದಾಟಿದ ಮೇಲೆ, ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ರಾಮನಗರದಾಚೆಯ ಒಂದು ಹಿನ್ನೀರಿನಲ್ಲಿ ಕಯಾಕಿನೊಳಗೆ ಕೂತಳು. ಕಯಾಕ್ ಎಂದರೆ ಒಬ್ಬರೇ ಕೂರುವ ಸಣ್ಣ ದೋಣಿ. ದಡದಿಂದ ಹತ್ತು ಮಾರು ದೂರ ಹೋಗುವಷ್ಟರಲ್ಲಿ ಅವಳಿಗೆ ಗೊತ್ತಾಯಿತು, ಇಲ್ಲಿ ಕುಟ್ಟಿ ನೋಡುವವರು ಯಾರೂ ಇಲ್ಲ ಎಂದು. ಅಂದಿನಿಂದ ಬಿಡುವಿನ ಭಾನುವಾರಗಳೆಲ್ಲ ನೀರಿಗೆ ಮೀಸಲಾದವು. ಅಲ್ಲಿ ಹೆಂಗಸರ ಒಂದು ಗುಂಪಿಗೆ ಕಲಿಸುತ್ತಿದ್ದ ಯಶಶ್ರೀ ಎಂಬ ಹುಡುಗಿ, ದಸರಾ ರಜೆಯ ಕೊನೆಯ ಭಾನುವಾರ ಹಿನ್ನೀರನ್ನು ಪೂರ್ತಿ ದಾಟಿ ವಾಪಸು ಬರುವುದೆಂದು ಗೊತ್ತುಮಾಡಿದಳು. ಬರುವವರೆಲ್ಲ ದೋಣಿ ನಡೆಸಲು ಸ್ವಂತ ಹುಟ್ಟು ಇಟ್ಟುಕೊಂಡರೆ ಒಳ್ಳೆಯದು ಅಂದಳು.

ಸ್ವಂತ ಹುಟ್ಟು. ಆ ಮಾತು ಕೋಕಿಲಾಳ ಎದೆಯಲ್ಲಿ ನಾಟಿತು. ತಾನೇ ಆರಿಸಿದ, ತನಗೊಬ್ಬಳಿಗೇ ಸರಿಯಾಗಿ ಕಂಡ ಒಂದೇ ಒಂದು ವಸ್ತು ಆ ಮನೆಯಲ್ಲಿ ಇರಬೇಕು. ಹೆಚ್ಚೇನೂ ಬೇಡ, ಒಂದೇ ಒಂದು.

ಆದರೆ ಹುಟ್ಟಿನಲ್ಲೂ ಎರಡು ಜಾತಿ. ಕಯಾಕಿನ ಹುಟ್ಟಿಗೆ ಎರಡು ತುದಿಯಲ್ಲೂ ಹಲಗೆ ಇರುತ್ತದೆ. ಬಲಕ್ಕೊಮ್ಮೆ ಎಡಕ್ಕೊಮ್ಮೆ ನೀರಿಗಿಳಿಸಿ ಎಳೆಯುತ್ತ ಹೋಗಬೇಕು. ಕೆಲವದರಲ್ಲಿ ಎರಡೂ ಹಲಗೆಗಳ ಮುಖ ಒಂದೇ ಮಟ್ಟಕ್ಕಿರುತ್ತದೆ, ಅದು ನೇರ. ಕೆಲವದರಲ್ಲಿ ಒಂದು ಹಲಗೆ ಇನ್ನೊಂದಕ್ಕೆ ಓರೆಯಾಗಿ ತಿರುಗಿರುತ್ತದೆ. ಅದನ್ನು ಯಶಶ್ರೀ ಫೆದರ್ಡ್ ಅನ್ನುತ್ತಿದ್ದಳು. ಓರೆಯದರಿಂದ ಎದುರುಗಾಳಿಯಲ್ಲಿ ಲಾಭ: ಮೇಲೆದ್ದ ಹಲಗೆ ಗಾಳಿಗೆ ಮುಖ ಕೊಡದೆ, ಅಂಚಿನಿಂದ ಸೀಳಿಕೊಂಡು ಮುಂದೆ ಬರುತ್ತದೆ. ನಷ್ಟವೆಲ್ಲ ಮಣಿಕಟ್ಟಿಗೆ: ಎಡಹಲಗೆ ನೀರಿಗಿಳಿಸುವಾಗಲೆಲ್ಲ ಬಲಗೈಯನ್ನು ಹಿಂದಕ್ಕೆ ತಿರುಗಿಸಬೇಕು. ಕೋಕಿಲಾಳ ಬಲಮಣಿಕಟ್ಟು ಬೋರ್ಡಿನ ಮೇಲೆ ಬರೆದೂ ಬರೆದೂ ಸವೆದದ್ದು. ಆ ಹಿನ್ನೀರಿನಲ್ಲೋ ಬಿಸಿಲೇರಿದರೆ ಎದುರುಗಾಳಿ ತಪ್ಪಿದ್ದಲ್ಲ. ಅತ್ತ ದರಿ, ಇತ್ತ ಪುಲಿ.

ಯಾವುದು ತಗೊಳ್ಳಲಿ ಎಂದು ಯಶಶ್ರೀಯನ್ನು ಕೇಳಿದಳು. "ಅದು ನಿಮ್ಮಿಷ್ಟ ಮೇಡಂ" ಅಂದಳು ಹುಡುಗಿ.

ಈ ಒಂದು ಮಾತಿಗಾಗಿ ಕೋಕಿಲಾ ಅರ್ಧ ಆಯುಷ್ಯ ಕಾದಿದ್ದಳು. ಈಗ ಕಿವಿಗೆ ಬಿದ್ದಾಗ ಏನು ಮಾಡಬೇಕೆಂದೇ ತೋಚಲಿಲ್ಲ. ನನ್ನಿಷ್ಟ ಯಾವುದು ಎಂದು ನನಗೆ ಗೊತ್ತಿದ್ದರೆ ನಿನ್ನನ್ನೇಕೆ ಕೇಳುತ್ತಿದ್ದೆ ತಾಯಿ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಎರಡು ಥರದ್ದನ್ನೂ ಎರವಲು ತಂದು ನೋಡಿದಳು. ಓರೆಯದರಲ್ಲಿ ದೋಣಿ ಸರಾಗವಾಗಿ ಹೋಯಿತು, ಆದರೆ ಮರುದಿನ ಹೆಬ್ಬೆರಳಿನ ಬುಡ ಉರಿದು ಚಾಕ್‌ಪೀಸು ಹಿಡಿಯಲಾಗಲಿಲ್ಲ. ನೇರದ್ದನ್ನು ಹಿಡಿದ ದಿನ ಗಾಳಿಯೇ ಬೀಸಲಿಲ್ಲ, ದೂರವೂ ಹೋಗಲಿಲ್ಲ, ಹಾಗಾಗಿ ಏನೂ ತಿಳಿಯಲಿಲ್ಲ.

ಮನೆಯಲ್ಲಿ ಬಾಯಿ ಬಿಟ್ಟದ್ದೇ ಅವಳ ತಪ್ಪು. ಗಂಡ ವೃಷಭೇಂದ್ರಪ್ಪನ ಹತ್ತಿರ ಹೇಳಿದಳು. ಅವನಿಗೆ ಯಾವ ಮಾತೂ ಅಣ್ಣನ ಕಿವಿಗೆ ಬೀಳದೆ ಪೂರ್ತಿಯಾಗುವುದಿಲ್ಲ. ಸಂಜೆಗೆ ಭಾವನವರಿಗೆ ಗೊತ್ತಾಯಿತು, ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಅವರ ಜೊತೆ ನಡೆಯುವವರಿಗೆಲ್ಲ ಗೊತ್ತಾಯಿತು. ಆ ಮಹನೀಯರಲ್ಲಿ ಒಬ್ಬರಿಗಾದರೂ ಈಜು ಬರುತ್ತಿರಲಿಲ್ಲ. ಆದರೂ ಮೂರು ದಿನ ಬೆಂಚಿನ ಮೇಲೆ ಕೂತು ವಾದ ಮಾಡಿದರು. ಯಾವುದೋ ಕಾಲದಲ್ಲಿ ಒಮ್ಮೆ ತೆಪ್ಪದಲ್ಲಿ ಕೂತು ಹೊಳೆ ದಾಟಿದ್ದ ಶಿವಲಿಂಗಯ್ಯ ಎಂಬುವರು ತಜ್ಞರಾದರು. ಹುಟ್ಟು ಎಂದರೆ ನೇರವೇ, ಓರೆ ಹುಟ್ಟನ್ನು ತಾವು ಕಂಡೇ ಇಲ್ಲ ಎಂದು ತೀರ್ಪು ಕೊಟ್ಟರು. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಿದ್ದ ಕೋಕಿಲಾಳನ್ನು ಅವರೇ ಹುಡುಕಿಕೊಂಡು ಬಂದು ಈ ತೀರ್ಪನ್ನು ತಿಳಿಸಿದರು. ಕಾಫಿ ಆರಿ ತಣ್ಣಗಾಯಿತು. ಅವಳಿಗೆ ತಲೆ ಚಿಟ್ಟುಹಿಡಿದುಹೋಯಿತು.

ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿಯೊಂದನ್ನು ಯಶಶ್ರೀಯೇ ತೋರಿಸಿದಳು. ನಡುವೆ ಎರಡು ತುಂಡಾಗುವ ಹುಟ್ಟು. ಕೀಲಿನ ಹತ್ತಿರ ಒತ್ತುವ ಒಂದು ಗುಂಡಿ, ಸುತ್ತ ಕೆಲವು ತೂತು. ಗುಂಡಿಯನ್ನು ಯಾವ ತೂತಿಗೆ ಕೂರಿಸುತ್ತೀರೋ ಹಲಗೆ ಆ ಕೋನಕ್ಕೆ ನಿಲ್ಲುತ್ತದೆ. ಗಾಳಿ ಬಂದರೆ ಓರೆ, ಕೈ ನೊಂದರೆ ನೇರ. ಕೋಕಿಲಾ ಮರುಮಾತಿಲ್ಲದೆ ತರಿಸಿಕೊಂಡಳು. ಯಾವುದನ್ನೂ ಆರಿಸದೆಯೇ ಆರಿಸಿದ ಸಂತೋಷ ಅವಳಿಗೆ. ಸದ್ಯಕ್ಕೆ ಇರಲಿ ಎಂದು ಓರೆಗೆ ಕೂರಿಸಿ, ಮಹಡಿಯ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದಳು. ಭಾವನವರಿಗೆ ತೋರಿಸಲಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವರ ಕೈ ಮುಟ್ಟದ ಮೊದಲ ವಸ್ತು ಅದು.

ಭಾವನವರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಆಯುಧಪೂಜೆ ಎದುರಿಗೇ ಇತ್ತು. ಅಂದು ಮನೆಯ ಸುತ್ತಿಗೆ, ಕತ್ತರಿ, ಈಳಿಗೆಮಣೆ, ಹೊಲಿಗೆ ಮಿಷನ್ನು, ಗಾಡಿ ಎಲ್ಲವೂ ತೊಳೆದುಕೊಂಡು ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಕೂರಬೇಕು. ಪೂಜೆಯಾಗದ ಸಾಮಾನನ್ನು ಹಿಡಿದು ನೀರಿಗಿಳಿಯುವುದಕ್ಕೆ ಓರಗಿತ್ತಿ ಗುರುಬಸಮ್ಮನವರಂತೂ ಬಿಡುವವರಲ್ಲ.

ಹಬ್ಬದ ಬೆಳಿಗ್ಗೆ ಕೋಕಿಲಾ ಹುಟ್ಟನ್ನು ಕೆಳಗೆ ತಂದು ಉಳಿದ ಸಾಮಾನಿನ ಪಕ್ಕಕ್ಕೆ ಒರಗಿಸಿ, ಹೂವು, ಬೂದುಗುಂಬಳ, ಕಡ್ಲೆಪುರಿ ತರಲು ಗಾಂಧಿ ಬಜಾರಿಗೆ ಹೋದಳು. ಆ ದಿನ ಅಲ್ಲಿ ಕಾಲಿಡಲು ಜಾಗವಿಲ್ಲ. ಸೇವಂತಿಗೆಯವಳ ಹತ್ತಿರ ಚೌಕಾಸಿ ಮಾಡಿ, ಕುಂಬಳಕಾಯಿಯನ್ನು ಕಂಕುಳಲ್ಲಿ ಹೊತ್ತು, ಆಟೋ ಸಿಗದೆ ಬೆವರಿ ಮನೆಗೆ ಬರುವಾಗ ಬಿಸಿಲು ಏರಿತ್ತು. ಹಿಂದಿನ ಪಡಸಾಲೆಯಲ್ಲಿ ಅಲ್ಯೂಮಿನಿಯಂ ಪುಡಿ ಉದುರಿತ್ತು. ಭಾವನವರು ಹುಟ್ಟಿನ ಎರಡೂ ಹಲಗೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಮುಗಿಸಿ, ಕೈ ಒರೆಸಿಕೊಳ್ಳುತ್ತಿದ್ದರು.

"ಸೊಟ್ಟ ಇತ್ತಮ್ಮ, ಕೀಲೂ ಆಡ್ತಿತ್ತು. ನೇರ ಮಾಡಿ ರಿವೆಟ್ ಹೊಡ್ದಿದೀನಿ. ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದರು.

ಮುಖದಲ್ಲಿ ಅದೆಂಥ ತೃಪ್ತಿ. ರಸಮಟ್ಟ ಇಟ್ಟು ನೋಡಿದ್ದರು. ಕೀಲಿನೊಳಕ್ಕೆ ಅಂಟು ಸುರಿದು, ಗುಂಡಿಯನ್ನು ಕಿತ್ತು, ಹಿಡಿಯ ಕೊಳವೆಯನ್ನು ಕೊರೆದು ರಿವೆಟ್ ಮೊಳೆ ಹಾಕಿದ್ದರು. ಕಂಪನಿಯವರು ಕಣ್ಣುಮುಚ್ಚಿ ಕಳಿಸಿದ ಕೆಟ್ಟ ಮಾಲನ್ನು ಹಬ್ಬದ ದಿನ ಪೂಜೆಗೆ ಯೋಗ್ಯ ಮಾಡಿದ್ದೇನೆ ಎಂಬ ಹೆಮ್ಮೆ ಅವರದು. ಪಕ್ಕದಲ್ಲಿ ಗಂಡ ಟಾರ್ಚು ಹಿಡಿದು ನಿಂತಿದ್ದ. ಓರೆ ಇರುವುದು ಹಾಗೇ ಇರಬೇಕಾದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣ ಅಷ್ಟು ಆಸ್ಥೆಯಿಂದ ಮಾಡುತ್ತಿದ್ದಾಗ ನಡುವೆ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಿದ್ದನಂತೆ.

ಕೋಕಿಲಾಳ ಕೈಯಿಂದ ಕಡ್ಲೆಪುರಿಯ ಚೀಲ ಜಾರಿ ನೆಲದ ತುಂಬ ಚೆಲ್ಲಿತು.

"ಇದನ್ನ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ರು ಭಾವ?" ಅಂದಳು. ದನಿ ಏರಿತ್ತು. ಪಕ್ಕದ ಮನೆಯ ಕಿಟಕಿಯೊಂದು ತೆರೆಯಿತು. "ಅದು ಸೊಟ್ಟ ಅಲ್ಲ. ನಾನೇ ಹಂಗೆ ಇಟ್ಟಿದ್ದು. ಈ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ."

ಆ ಮನೆಯಲ್ಲಿ ಸಿದ್ದಬಸಪ್ಪನವರ ಎದುರು ಹೀಗೆ ಯಾರೂ ಮಾತಾಡಿದ್ದಿಲ್ಲ. ಗಂಡ ಹಬ್ಬದ ದಿನ ಬೇಡ ಅನ್ನುತ್ತ ಅವಳ ತೋಳು ಹಿಡಿಯಲು ಬಂದ. ಅವಳು ಕೊಡವಿಕೊಂಡಳು. ಗುರುಬಸಮ್ಮನವರು ಬಾಯಿಗೆ ಸೆರಗು ಒತ್ತಿಕೊಂಡು ನಿಂತರು, ಅದು ಗಾಬರಿಗೋ ಸಂತೋಷಕ್ಕೋ ಹೇಳುವಂತಿರಲಿಲ್ಲ. ಭಾವನವರು ಹುಟ್ಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅವರಿಗೆ ಅರ್ಥವೇ ಆಗಲಿಲ್ಲ. ಪಾರ್ಕಿನ ವಾದವನ್ನೆಲ್ಲ ಕೇಳಿದ್ದರೂ, ಬೇಕೆಂದೇ ಓರೆಯಾಗಿ ಮಾಡಿದ ಸಾಮಾನು ಲೋಕದಲ್ಲಿರುತ್ತದೆ ಎಂಬುದು ಅವರ ಬುದ್ಧಿಗೆ ಎಟುಕದ ಸಂಗತಿ. ಪೂಜೆ ಹೇಗೋ ಮುಗಿಯಿತು. ಕುಂಬಳಕಾಯಿ ಒಡೆದರು. ಹೋಳಿಗೆ ಯಾರಿಗೂ ರುಚಿಸಲಿಲ್ಲ.

ಭಾನುವಾರ ಬಂತು. ಹುಟ್ಟು ಈಗ ಎರಡು ತುಂಡಾಗುವುದಿಲ್ಲ, ಹಾಗಾಗಿ ಬಾಡಿಗೆ ಕಾರಿನೊಳಗೆ ಹಿಡಿಯುವುದೂ ಇಲ್ಲ. ಒಂದು ಹಲಗೆಯನ್ನು ಕಿಟಕಿಯಾಚೆಗೆ ಚಾಚಿಕೊಂಡೇ ಮೈಸೂರು ರಸ್ತೆಯುದ್ದಕ್ಕೂ ಹೋಗಬೇಕಾಯಿತು. ವಿಭೂತಿಯ ಪಟ್ಟೆ ಇನ್ನೂ ಮಾಸಿರಲಿಲ್ಲ. ಪಕ್ಕದಲ್ಲಿ ಹಾದುಹೋದ ಬಸ್ಸಿನವರೆಲ್ಲ ಬಗ್ಗಿ ನೋಡಿದರು, ಬೈಕಿನವನೊಬ್ಬ ಕೈ ಮುಗಿದ. ಗಾಯದ ಮೇಲೆ ಬರೆ ಎಳೆದಂತೆ, ದಡದಲ್ಲಿದ್ದ ಎರವಲು ಹುಟ್ಟುಗಳನ್ನೆಲ್ಲ ಮೊದಲು ಬಂದವರು ತೆಗೆದುಕೊಂಡಾಗಿತ್ತು. ಯಶಶ್ರೀ ರಿವೆಟ್‌ಗಳನ್ನು ಸವರಿ ನೋಡಿ ನಗು ತಡೆದುಕೊಂಡಳು. "ಇದರಲ್ಲೇ ಟ್ರೈ ಮಾಡಿ ಮೇಡಂ, ಆಗ್ದಿದ್ರೆ ವಾಪಸ್ ಬಂದ್ಬಿಡಿ" ಅಂದಳು.

ವಾಪಸು ಬರುವ ಮಾತೇ ಇಲ್ಲ ಎಂದು ಹಲ್ಲು ಕಚ್ಚಿ ಕೂತಳು ಕೋಕಿಲಾ. ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ಮೇಲೆದ್ದ ಹಲಗೆಯನ್ನು ಗಾಳಿ ಅಂಗೈಯಿಟ್ಟು ಹಿಂದಕ್ಕೆ ದೂಡಿದಂತಾಗುತ್ತಿತ್ತು. ಒಂದೊಂದು ಎಳೆತಕ್ಕೂ ಅವಳು ಒಬ್ಬೊಬ್ಬರನ್ನು ಬೈದಳು. ಬಲಕ್ಕೆ ಭಾವ, ಎಡಕ್ಕೆ ಗಂಡ, ಮತ್ತೆ ಬಲಕ್ಕೆ ತೆಪ್ಪದ ಶಿವಲಿಂಗಯ್ಯ. ಉಳಿದವರ ದೋಣಿಗಳು ಮುಂದೆ ಮುಂದೆ ಹೋದವು. ಎಲ್ಲರಿಗಿಂತ ಕೊನೆಗೆ, ಸುಸ್ತಾಗಿ, ಬೆನ್ನು ಬಿದ್ದುಹೋದಂತಾಗಿ ಆಚೆ ದಡ ಮುಟ್ಟಿದಳು. ಬುತ್ತಿ ಬಿಚ್ಚಿ ಚಪಾತಿ ಮುರಿಯಲು ಹೋದಾಗ ಒಂದು ವಿಷಯ ತಲೆಗೆ ಹೊಳೆಯಿತು.

ಮಣಿಕಟ್ಟು ನೋಯುತ್ತಿರಲಿಲ್ಲ.

ಕೈ ತಿರುಗಿಸಿ ನೋಡಿದಳು, ಮುಷ್ಟಿ ಬಿಗಿದು ನೋಡಿದಳು. ಭುಜ ಸತ್ತುಹೋಗಿತ್ತು, ಸೊಂಟ ನನ್ನದಲ್ಲ ಅನ್ನುತ್ತಿತ್ತು, ಆದರೆ ಹೆಬ್ಬೆರಳಿನ ಬುಡದಲ್ಲಿ ಉರಿಯಿಲ್ಲ. ಬರುವಾಗ ಗಾಳಿ ಬೆನ್ನಿಗಿತ್ತು. ಕೈ ಒಂದೇ ಲಯದಲ್ಲಿ, ಯಾವ ತಿರುಚಾಟವೂ ಇಲ್ಲದೆ, ತಂತಾನೇ ನಡೆಯಿತು. ಇಷ್ಟು ದಿನ ಓದಿದ್ದು, ಕೇಳಿದ್ದು, ಬೇರೆಯವರ ದೋಣಿ ನೋಡಿ ಆಸೆಪಟ್ಟದ್ದು ಎಲ್ಲ ಒಂದು ಕಡೆ, ಈ ಕೈ ಹೇಳುತ್ತಿರುವುದು ಒಂದು ಕಡೆ. ಅವಳಿಗೆ ನೇರದ್ದೇ ಸರಿ. ಎರಡು ಮಾತಿಲ್ಲ.

ಹಾಳಾದ್ದು ಎಂದು ನೀರಿಗೆ ಕೇಳುವಂತೆ ಬೈದಳು. ಇಡೀ ಜನ್ಮದಲ್ಲಿ ಒಂದು ಸಲ ಅವರ ಮೇಲೆ ಕಿರುಚಿದ್ದು, ಆ ಒಂದು ಸಲವೂ ಅವರು ಮಾಡಿದ್ದೇ ಸರಿಯಾಗಬೇಕೆ? ಗೊತ್ತಿಲ್ಲದೆ, ಕೇಳದೆ, ತಪ್ಪು ತಿಳಿದು ಮಾಡಿದ ಕೆಲಸ ಸರಿಯಾಗಿ ಕೂತುಬಿಟ್ಟರೆ ಮನುಷ್ಯರು ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಬೇಕು? ಇದು ಮನೆಯಲ್ಲಿ ಗೊತ್ತಾದರೆ ಮುಗಿಯಿತು, ಮುಂದಿನ ಇಪ್ಪತ್ತು ವರ್ಷದ ಹಬ್ಬಗಳಲ್ಲೆಲ್ಲ ಇದೇ ಮಾತು. ಯಾರಿಗೂ ಹೇಳುವುದಿಲ್ಲ ಎಂದು ದಾರಿಯುದ್ದಕ್ಕೂ ಶಪಥ ಮಾಡಿಕೊಂಡು ಬಂದಳು. ಮನೆಯಲ್ಲಿ ಗಂಡ ಹೇಗಾಯಿತು ಎಂದು ಕೇಳಿದ್ದಕ್ಕೆ, ದಾಟಿ ಬಂದೆ ಎಂದಷ್ಟೇ ಹೇಳಿ, ಹುಟ್ಟನ್ನು ಪಡಸಾಲೆಯಲ್ಲಿ ಒರಗಿಸಿ ಮಲಗಿಬಿಟ್ಟಳು.

ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಡ್ರಿಲ್ಲಿನ ಸದ್ದು.

ಮೆಟ್ಟಿಲನ್ನು ಹೇಗೆ ಇಳಿದಳೋ ಗೊತ್ತಿಲ್ಲ. ಪಡಸಾಲೆಯಲ್ಲಿ ಭಾವನವರು ಹುಟ್ಟನ್ನು ತಮ್ಮ ಕೆಲಸದ ಬೆಂಚಿನ ಮೇಲಿನ ಇಕ್ಕಳದಂಥ ವೈಸಿಗೆ ಕಚ್ಚಿಸಿದ್ದರು. ಹಾಕಿದ ರಿವೆಟ್‌ಗಳನ್ನು ಕೊರೆದು ತೆಗೆದಾಗಿತ್ತು, ಅಂಟನ್ನು ಕಾಯಿಸಿ ಬಿಡಿಸಿಯೂ ಆಗಿತ್ತು. ಹಳೆಯ ತೂತುಗಳೆಲ್ಲ ಕಿತ್ತುಹೋಗಿ ಒಂದಾಗಿದ್ದವು. ಇನ್ನು ಬೇಕೆಂದಾಗ ತಿರುಗಿಸಿಕೊಳ್ಳುವ ಸಂಗತಿಯಿಲ್ಲ. ಒಮ್ಮೆ ಕೂರಿಸಿದರೆ ಕೂತದ್ದೇ. ಒಂದು ಹಲಗೆ ಓರೆಗೆ ತಿರುಗಿ ನಿಂತಿತ್ತು, ಅದರ ಪಕ್ಕದಲ್ಲಿ ಕೋನಮಾಪಕ ಹಿಡಿದು ಅವರು ಬಗ್ಗಿ ನೋಡುತ್ತಿದ್ದರು. ರಾತ್ರಿ ತಮ್ಮನನ್ನು ಕೂರಿಸಿಕೊಂಡು ಫೋನಿನಲ್ಲಿ ವಿಡಿಯೋ ನೋಡಿದರಂತೆ. ಅರವತ್ತು ಡಿಗ್ರಿಗೆ ಇಟ್ಟರೆ ಗಾಳಿಗೆ ಒಳ್ಳೆಯದೆಂದು ಅದರಲ್ಲಿ ಯಾರೋ ಒಬ್ಬ ಹೇಳಿದ್ದನಂತೆ.

"ಹಬ್ಬದಿಂದ ನಂಗೆ ಊಟ ಸೇರ್ತಿಲ್ಲಮ್ಮ" ಅಂದರು ಅವಳ ಮುಖ ನೋಡದೆ. "ಅಷ್ಟು ವರ್ಷ ಟೂಲ್ ರೂಮಲ್ಲಿದ್ದೆ, ಸರಿ ಇರೋ ಮಾಲನ್ನ ಒಂದು ದಿನ ಕೆಡಿಸ್ದೋನಲ್ಲ. ನೀನು ಏಳೋದ್ರೊಳಗೆ ಮೊದಲಿನ ಹಂಗೆ ಮಾಡ್ಬಿಡೋಣ ಅಂತ."

ಕೋಕಿಲಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಳ್ಳುವುದಕ್ಕೂ ಈ ಮನುಷ್ಯ ಕೇಳುವುದಿಲ್ಲವಲ್ಲ.

"ನಿಲ್ಸಿ ಭಾವ" ಅಂದಳು. ಈ ಸಲ ದನಿ ಏರಲಿಲ್ಲ, ಏರಿಸುವಷ್ಟು ತ್ರಾಣವೂ ಇರಲಿಲ್ಲ. "ಅವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ. ನಾನು ಮೇಲ್ಗಡೆನೇ ಮಲಗಿದ್ದೆ. ಒಂದು ಮಾತು ಕೇಳೋದು ಅಷ್ಟು ಕಷ್ಟನಾ?"

ಭಾವನವರು ಡ್ರಿಲ್ ಕೆಳಗಿಟ್ಟರು. ಸ್ಟೂಲಿನ ಮೇಲೆ ಕೂತರು. ಅಂಗೈಗೆ ಅಂಟಿದ್ದ ಅಂಟನ್ನು ಉಗುರಿನಿಂದ ಕೆರೆದರು. ಈ ಮನೆಯಲ್ಲಿ ಅಪ್ಪಣೆ ಕೇಳಿಸಿಕೊಂಡೇ ಅಭ್ಯಾಸವಾದವರು ಅವರು. ಎಲ್ಲರೂ ಅವರನ್ನು ಕೇಳಿದ್ದೇ ಹೊರತು ಅವರು ಯಾರನ್ನೂ ಏನನ್ನೂ ಕೇಳಿದ್ದಿಲ್ಲ.

"ಎಷ್ಟಕ್ಕೆ ಇಡ್ಲಿ, ಹೇಳು ಕೋಕಿಲಾ" ಅಂದರು ಕಡೆಗೆ.

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ಸಂಕಟ. ನಲವತ್ತೈದೋ ಅರವತ್ತೋ ಡಿಗ್ರಿ ಅಂದುಬಿಟ್ಟರೆ ಮಾನ ಉಳಿಯುತ್ತದೆ, ಹಬ್ಬದ ದಿನ ಕಿರುಚಿದ್ದಕ್ಕೆ ನ್ಯಾಯ ಸಿಗುತ್ತದೆ, ಪಾರ್ಕಿನ ಬೆಂಚಿನವರ ಬಾಯಿ ಮುಚ್ಚುತ್ತದೆ. ಮಣಿಕಟ್ಟು ಮಾತ್ರ ಸಾಯುವತನಕ ಉರಿಯುತ್ತದೆ. ಬೇರೆಯವರು ಆರಿಸಿದ್ದನ್ನು ಇಷ್ಟು ವರ್ಷ ಹೊತ್ತದ್ದು ಸಾಲದೆ, ಅವರಿಗೆ ಎದುರಾಗಿಯೇ ಆರಿಸಬೇಕೆಂಬ ಹಟವನ್ನೂ ಇನ್ನು ಹೊತ್ತು ತಿರುಗಬೇಕೆ ಎಂದು ತನ್ನ ಮೇಲೇ ಅವಳಿಗೆ ರೇಗಿತು.

"ನೇರ ಇಡಿ" ಅಂದಳು.

ಭಾವನವರು ತಲೆಯೆತ್ತಿದರು. "ನಾನು ಇಟ್ಟಿದ್ದೂ ಹಂಗೇ ಅಲ್ವೇನಮ್ಮ?"

"ಹೌದು. ಅವತ್ತು ನೀವು ಇಟ್ರಿ. ಇವತ್ತು ನಾನು ಇಡಿ ಅಂತಿದೀನಿ."

ನೋಡಿದೆಯಾ, ನಾನು ಹೇಳಲಿಲ್ಲವೇ ಎಂಬ ಮಾತು ಇನ್ನೇನು ಬಂತು ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ಕಾದಳು. ಅದು ಅವರ ತುಟಿಯವರೆಗೆ ಬಂದದ್ದೂ ನಿಜ. ಆದರೆ ಅವರು ಅದನ್ನು ನುಂಗಿಕೊಂಡು ಎದ್ದರು. ವೈಸ್ ಸಡಿಲಿಸಿ, ಓರೆ ನಿಂತಿದ್ದ ಹಲಗೆಯನ್ನು ನಿಧಾನವಾಗಿ ತಿರುಗಿಸಿ ಮಟ್ಟಕ್ಕೆ ತಂದರು. ರಸಮಟ್ಟಕ್ಕೆ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿ, ಬೆಂಚಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು.

ಕೋಕಿಲಾ ಬಗ್ಗಿ, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ನೇರವಾಗಿತ್ತು. ಆದರೂ ಒಂದು ಚೂರು ಬಲಕ್ಕೆ ಅಂದಳು. ಅವರು ತಿರುಗಿಸಿದರು. ಮತ್ತೆ ಬಗ್ಗಿ ನೋಡಿ, ಬೇಡ, ಮೊದಲಿನಂತೆಯೇ ಇರಲಿ ಅಂದಳು. ಅವರು ಮೊದಲಿನಂತೆಯೇ ಇಟ್ಟರು. ಗುರುಬಸಮ್ಮನವರು ಕಾಫಿ ತಂದು ಬಾಗಿಲಲ್ಲೇ ನಿಂತರು. ಕೋಕಿಲಾ ಲೋಟ ತೆಗೆದುಕೊಂಡು, ಆರಾಮವಾಗಿ ಒಂದೊಂದೇ ಗುಟುಕು ಕುಡಿಯುತ್ತ, ಹುಟ್ಟಿನ ಸುತ್ತ ಇನ್ನೊಂದು ಸುತ್ತು ಬಂದಳು. ಅವಳು ಸರಿ ಅನ್ನುವವರೆಗೂ ಭಾವನವರು ಡ್ರಿಲ್ಲಿಗೆ ಕೈ ಹಾಕಲಿಲ್ಲ.